ನಮ್ಮವ್ವ ಅಳಲಿಲ್ಲ

ಅಳುವ ಅವ್ವಂದಿರೆಂದರೆ ನಾಟಕದವರಿಗೆ ಎಲ್ಲಿಲ್ಲದ ಪ್ರೀತಿ. ನಮ್ಮವ್ವ ಅವರ ಕೈಗೆ ಸಿಕ್ಕಿದ್ದು ನನ್ನ ಬಾಯಿಂದ.

ಬೀದರಿನ ನೌಬಾದದಲ್ಲಿ ಗೆಳತಿಯೊಬ್ಬಳ ಮನೆಯ ಮಾಳಿಗೆ ಮೇಲೆ ನಮ್ಮ ತಾಲೀಮು. ಬರೆದಿಟ್ಟ ನಾಟಕವಿಲ್ಲ. ಒಬ್ಬೊಬ್ಬರೂ ತಮ್ಮ ಮನೆಯದೊಂದು ಕಥೆ ಹೇಳಬೇಕು, ಬೇರೆಯವರು ಅದನ್ನು ಆಡಿ ತೋರಿಸಬೇಕು, ಎಲ್ಲರೂ ಸೇರಿ ತಿದ್ದಬೇಕು. ಕಥೆ ಹೇಳಿದವರು ಅದರಲ್ಲಿ ಪಾತ್ರ ಮಾಡುವಂತಿಲ್ಲ ಎಂಬುದು ನಮ್ಮ ನಿರ್ದೇಶಕರ ಕಾನೂನು.

ನಾನು ಹೇಳಿದ್ದು ಇಷ್ಟೇ. ಔರಾದ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಅವ್ವ ಬಿಸಿಯೂಟದ ಅಡುಗೆಗೆ ಸೇರಿದಳು. ನಾವು ಬೌದ್ಧರಾಗಿ ಎಷ್ಟೋ ವರ್ಷವಾಗಿದ್ದರೂ ಊರಿಗೆ ನಮ್ಮ ಹಳೆಯ ಜಾತಿಯೇ ನೆನಪು. ಆಕೆ ಮಾಡಿದ ಅನ್ನ ಬೇಡವೆಂದು ಮಕ್ಕಳಿಗೆ ಮನೆಯಿಂದ ಡಬ್ಬಿ ಕಟ್ಟಿ ಕಳಿಸಿದರು. ಅವ್ವ ತಟ್ಟೆ ಹಿಡಿದು ಬಂದ ಕೆಲವೇ ಮಕ್ಕಳಿಗೆ ಬಡಿಸಿದಳು. ಆಮೇಲೆ ಶಾಲೆಯ ಕಟ್ಟೆಯ ಮೇಲೆ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಚಕ್ಕಳಮಕ್ಕಳ ಹಾಕಿ ಕೂತು ಹೊಟ್ಟೆ ತುಂಬ ಉಂಡಳು. ಮನೆಗೆ ಬಂದು, "ಸಾಂಬಾರ ಭಾರಿ ಆಗಿತ್ತು. ಉಣ್ಣದವರ ಹಣೇಬರ," ಅಂದಳು.

ಭಾಲ್ಕಿಯ ಬಟ್ಟೆ ಅಂಗಡಿಯವರ ಸೊಸೆಯೊಬ್ಬಳು ಅವ್ವನ ಪಾತ್ರಕ್ಕೆ ನಿಂತಳು. ಶರಣರ ವಚನ ಕೇಳುತ್ತ ಬೆಳೆದವಳು, ಮನಸ್ಸು ಬೆಣ್ಣೆ. ತಪೇಲಿಯ ಮುಂದೆ ಕೂತವಳೇ ಸೆರಗು ಬಾಯಿಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ಉಳಿದವರ ಕಣ್ಣೂ ಒದ್ದೆ. ನಿರ್ದೇಶಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು.

"ನಮ್ಮವ್ವ ಅತ್ತಿಲ್ಲರಿ," ಅಂದೆ.

"ಅಕ್ಕಾ, ನಾ ಏನ್ ಮಾಡ್ಲಿ? ಅಳು ತಾನೇ ಬರ್ತದ," ಅಂದಳು ಆಕೆ.

"ಬಂದ್ರ ನಿಮ್ಮ ಮನಿಗಿ ಹೋಗಿ ಅಳು. ನಮ್ಮವ್ವನ ಹೆಸರಿಲೆ ಅಳಬ್ಯಾಡ."

ನಿರ್ದೇಶಕರು ನಡುವೆ ಬಂದರು. "ಉಣ್ಣೋದು ನೋಡ್ಲಾಕ ಜನ ಯಾಕ ಬರ್ತಾರ್ರಿ? ಅತ್ರನೇ ಅವರ ಎದಿಗಿ ಮುಟ್ತದ. ಒಮ್ಮಿ ಹೇಳಿದ ಮ್ಯಾಲ ಕಥಿ ನಿಮ್ಮದಲ್ಲ, ತಂಡದ್ದು."

"ಕಥಿ ತಂಡದ್ದೇ ಇರ್ಲಿರಿ. ಅವ್ವ ನಮ್ಮಾಕಿ."

ಅವ್ವ ಈಗಿಲ್ಲ. ಆಕೆಯನ್ನು ಕಾಣದವರು ಇನ್ನು ಈ ನಾಟಕದಲ್ಲೇ ಕಾಣಬೇಕು. ಅವರ ಕಣ್ಣಲ್ಲಿ ಆಕೆ ಮೂಗು ಒರೆಸಿಕೊಳ್ಳುವ ಬಡಪಾಯಿಯಾಗಿ ಉಳಿಯುವುದಾದರೆ ಆ ನಾಟಕಕ್ಕಿಷ್ಟು ಬೆಂಕಿ ಬೀಳಲಿ! ಅಯ್ಯೋ ಪಾಪ ಅನ್ನಿಸಿಕೊಳ್ಳಲು ಆಕೆ ಕಟ್ಟೆಯ ಮೇಲೆ ಕೂತಿರಲಿಲ್ಲ. ನನ್ನ ಕಥೆ ನನಗೆ ವಾಪಸ್ ಕೊಡಿ ಎಂದು ಹಟ ಹಿಡಿದೆ. ಊರೆಲ್ಲ ಪೋಸ್ಟರ್ ಅಂಟಿಸಿಯಾಗಿತ್ತು. ಇವಳಿಗೆ ನಾಟಕ ಅಂದರೇನು ಗೊತ್ತು ಎಂದು ಒಬ್ಬಿಬ್ಬರು ಗೊಣಗಿದರು. ಗೊಣಗಲಿ, ನಾನು ಜಗ್ಗಲಿಲ್ಲ.

ಕೊನೆಗೆ ಭಾಲ್ಕಿಯವಳೇ ಬಾಯಿ ಬಿಟ್ಟಳು. "ಸರ್, ಅಳು ತಡಕೊಳ್ಳೋದು ನನ್ನ ಕೈಲಿ ಆಗಂಗಿಲ್ಲರಿ. ಅಕ್ಕನೇ ಮಾಡ್ಲಿ," ಎಂದು ತಪೇಲಿಯನ್ನು ನನ್ನ ಕಡೆ ಸರಿಸಿದಳು. ನಿರ್ದೇಶಕರು, "ಏನರ ಮಾಡ್ಕೊರಿ," ಎಂದು ಮುಖ ತಿರುಗಿಸಿದರು. ಅಲ್ಲಿಗೆ ಕಾನೂನು ಮುರಿಯಿತು.

ಮೊದಲ ಪ್ರದರ್ಶನ ಭಾಲ್ಕಿಯಲ್ಲಿ. ಡಬ್ಬಿ ಹಿಡಿದ ಮಕ್ಕಳ ಪಾತ್ರದವರು ಪಕ್ಕಕ್ಕೆ ಹೋದ ಮೇಲೆ ನಾನು ಸಭೆಯ ಕಡೆ ಮುಖ ಮಾಡಿ ಕೂತೆ. ನಿಜವಾದ ಅನ್ನ, ನಿಜವಾದ ಸಾಂಬಾರು. ಕಲಸಿ ಉಣ್ಣತೊಡಗಿದೆ. ನಾಲ್ಕು ತುತ್ತು ಆಗುವಷ್ಟರಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಮುಂದಿನ ಸಾಲಿನ ಹಿರಿಯರೊಬ್ಬರು, "ಇದೇನ್ರಿ, ಈಕಿ ಬರೇ ಉಣ್ಲಾಕತ್ತಾಳ! ಎಷ್ಟೊತ್ತು ನೋಡ್ಬೇಕು?" ಎಂದು ಜೋರಾಗಿಯೇ ಕೇಳಿದರು. ಪರದೆಯ ಮರೆಯಿಂದ ನಿರ್ದೇಶಕರು ಬೇಗ ಮುಗಿಸಿ ಎಂದು ಕೈ ಮಾಡಿದರು.

ನಾನು ಆ ಹಿರಿಯರ ಮುಖವನ್ನೇ ನೋಡುತ್ತ ಇನ್ನೊಂದು ಸೌಟು ಅನ್ನ ಬಡಿಸಿಕೊಂಡೆ.