ಎಂಜಿನ್‌ಗೆ ಮೊದಲ ಲೋಟ

ಎಂಜಿನ್‌ಗೆ ಯಾರಾದರೂ ಕಬ್ಬಿನ ಹಾಲು ಕುಡಿಸಿದ್ದನ್ನು ಕೇಳಿದ್ದೀರಾ? ನಾನು ಕಳೆದ ಭಾನುವಾರ ಕಣ್ಣಾರೆ ಕಂಡೆ, ಹುಲಿಕೆರೆಯ ರಂಗೇಗೌಡನ ಆಲೆಮನೆಯಲ್ಲಿ.

ರಂಗೇಗೌಡ ನನ್ನ ಗೆಳೆಯ. ಈ ಸಲ ಎತ್ತಿನ ಗಾಣಕ್ಕೆ ರಜಾ ಕೊಟ್ಟು, ಕಬ್ಬು ಅರೆಯಲು ಡೀಸೆಲ್ ಎಂಜಿನ್ ತಂದಿದ್ದಾನೆ. ಅದರ ಭರವಸೆಯಲ್ಲಿ ಗದ್ದೆಯ ಕಬ್ಬನ್ನೆಲ್ಲ ಒಮ್ಮೆಗೇ ಕಡಿಸಿ ಒಟ್ಟಿದ್ದ. ನೋಡಿಬರಲು ಹಳೇಬೀಡಿನಿಂದ ಸೈಕಲ್ ತುಳಿದೆ. (ನೋಡುವುದು ಬರೀ ನೆಪ. ಆಲೆಮನೆಗೆ ಬಂದವರನ್ನು ಬಿಸಿಬೆಲ್ಲ ಕೊಡದೆ ಕಳಿಸುವುದುಂಟೆ?)

ಎಂಜಿನ್ ಗುಡುಗುಡು ಎಂದಿತು. ಹಾಲು ಇಳಿಯಿತು. ರಂಗೇಗೌಡನ ಮುಖ ನೋಡಬೇಕಿತ್ತು, ಮದುವಣಿಗನೇ ಸರಿ. ಇನ್ನಷ್ಟು ಡೀಸೆಲ್ ಹುಯ್ಯಲೆಂದು ಟ್ಯಾಂಕಿನ ಮುಚ್ಚಳ ತೆಗೆದಿಟ್ಟು ಡಬ್ಬ ತರಲು ಹೋದ. ಅಷ್ಟರಲ್ಲಿ ಅವನ ತಾಯಿ ನಂಜಮ್ಮ ಮೊದಲ ಹಾಲಿನ ಲೋಟ ಹಿಡಿದು ಬಂದರು. ಎಂಜಿನ್‌ಗೆ ಕುಂಕುಮ ಇಟ್ಟು, ಕೈಮುಗಿದು, ಲೋಟವನ್ನು ಟ್ಯಾಂಕಿಗೆ ಬಗ್ಗಿಸಿಯೇಬಿಟ್ಟರು.

ಸ್ವಲ್ಪ ಹೊತ್ತಿಗೆ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು.

“ಅವ್ವ, ಏನ್ ಮಾಡ್ಬುಟ್ಟೆ?” ಎಂದ ರಂಗೇಗೌಡ.

“ಮೊದಲ್ನೇ ಹಾಲು ದುಡಿಯೋರ ಬಾಯಿಗೆ ಕಣ್ಲಾ. ಎತ್ತಿಗೆ ಕುಡುಸ್ತಿರ್ಲಿಲ್ವಾ? ಇದೂ ಬಾಯಿ ತಕ್ಕೊಂಡು ನಿಂತಿತ್ತು, ಹುಯ್ದೆ.”

ನಗು ಬಂತು, ಆದರೆ ಅದು ನಗುವ ಹೊತ್ತಲ್ಲ. ಮೆಕ್ಯಾನಿಕ್ ಇರುವುದು ದೂರದ ಅರಸೀಕೆರೆಯಲ್ಲಿ. ಕಡಿದ ಕಬ್ಬು ಒಣಗಿದರೆ ಬೆಲ್ಲ ಅಚ್ಚಿನಲ್ಲಿ ಸರಿಯಾಗಿ ಕೂರುವುದಿಲ್ಲ. ವರ್ಷದ ದುಡಿಮೆಯೆಲ್ಲ ಅಲ್ಲಿ ರಾಶಿ ಬಿದ್ದಿತ್ತು. ರಂಗೇಗೌಡ ತಾಯಿಯನ್ನು ಬೈಯುತ್ತ ಕೂರಲಿಲ್ಲ. ಇನ್ನೂ ಕೀಳದೆ ಬಿಟ್ಟಿದ್ದ ಹಳೆಯ ಗಾಣಕ್ಕೆ ಎತ್ತು ಕಟ್ಟಿದ. ಆ ತಾಳ್ಮೆ ಕಂಡು ಅವನ ಮೇಲೆ ಪ್ರೀತಿ ಉಕ್ಕಿತು. ನಾನೂ ಪಂಚೆ ಎತ್ತಿಕಟ್ಟಿ ಕಬ್ಬು ಹೊತ್ತೆ. (ಬರೆಯುವ ಬೆರಳು ಇನ್ನೂ ನೋಯುತ್ತಿದೆ.)

ಮಾರನೆಯ ದಿನ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಮುಗಿಸಿ ಮತ್ತೆ ಹೋದೆ. ಮೆಕ್ಯಾನಿಕ್ ಬಂದು ಟ್ಯಾಂಕ್ ತೊಳೆದಿದ್ದ. “ಇದಕ್ಕೆ ಡೀಸೆಲ್ ಬಿಟ್ಟು ಬೇರೇನೂ ಸೇರಲ್ಲ ಕಣಜ್ಜಿ” ಎಂದ.

ನಂಜಮ್ಮ ಎಂಜಿನ್‌ನ ಮೈ ಸವರಿದರು. “ಅಯ್ಯೋ ಪಾಪ. ದಿನಾ ಹಾಲಿನ ಮುಂದೇನೇ ದುಡೀಬೇಕು, ಒಂದು ಗುಟುಕು ಕುಡಿಯಂಗಿಲ್ವಲ್ಲ.”

ಉಳಿದ ಕಬ್ಬನ್ನು ಎಂಜಿನ್ ಅರೆಯಿತು, ಬೆಲ್ಲವೂ ಕೂತಿತು. ಇನ್ನು ಊರೂರಿಗೂ ಎಂಜಿನ್ ಬರುತ್ತದೆ. ಬರಲಿ, ಎತ್ತಿನ ಹೆಗಲಿಗೂ ಸುಖ. ಆದರೆ ದುಡಿಯುವವರನ್ನು ಮೊದಲು ವಿಚಾರಿಸುವ ಅಭ್ಯಾಸವೇ ಕೆಟ್ಟುಹೋದರೆ, ರಿಪೇರಿಗೆ ಯಾವ ಊರಿನ ಮೆಕ್ಯಾನಿಕ್ ಬರುತ್ತಾನೆ?