ಬಸಣ್ಣನನ್ನು ಬೈದ ಪ್ರಕರಣ

ಕೋವಿಡ್ ಮುಗಿದು ಎರಡು ವರ್ಷವಾಗಿತ್ತು. ನಾನು ಕೊಚ್ಚಿಯಲ್ಲಿ ಸಹಾಯಕ ಮೋಟಾರು ವಾಹನ ನಿರೀಕ್ಷಕ. ಹುದ್ದೆಯ ಹೆಸರು ಉದ್ದ, ಕೆಲಸ ಗಿಡ್ಡ: ಎಡಪ್ಪಳ್ಳಿಯಿಂದ ಬಂದರಿನ ಕಂಟೇನರ್ ರಸ್ತೆಗೆ ತಿರುಗುವಲ್ಲಿ ಬಿಸಿಲಿಗೆ ನಿಂತು ಲಾರಿಗಳಿಗೆ ಕೈ ಅಡ್ಡ ಹಿಡಿಯುವುದು. ಕಾಸರಗೋಡಿನ ಕನ್ನಡಿಗನಾದ್ದರಿಂದ ಕರ್ನಾಟಕದ ಚಾಲಕ ಕಂಡರೆ ಸಹೋದ್ಯೋಗಿಗಳು ನನ್ನ ಕಡೆ ತಳ್ಳುತ್ತಿದ್ದರು. ಸೇವಾ ಪುಸ್ತಕದಲ್ಲಿ ಇಲ್ಲದ ಇನ್ನೊಂದು ಅರ್ಹತೆಯೂ ನನಗಿತ್ತು. ಯಾರ ಧ್ವನಿಯನ್ನಾದರೂ ಅನುಕರಿಸಬಲ್ಲೆ. ಹಿಂದಿನ ಓಣಂ ಸಮಾರಂಭಕ್ಕೆ ತಿರುವನಂತಪುರದಿಂದ ಬಂದಿದ್ದ ಮೇಲಧಿಕಾರಿ ಮೇಡಂ ಅವರ ಧ್ವನಿಯನ್ನು ಅವರೆದುರೇ ಮಾಡಿ ತೋರಿಸಿದ್ದೆ. ಎಲ್ಲರೂ ನಕ್ಕರು. ಮೇಡಂ ನಕ್ಕರೋ ಇಲ್ಲವೋ ನೋಡುವ ಧೈರ್ಯ ಬರಲಿಲ್ಲ.

ಆ ದಿನ ಹನ್ನೊಂದು ಗಂಟೆಗೇ ಕಾಲು ಸೋತು ಹೋಗಿತ್ತು. ಬಂದದ್ದು ಒಂದು ಟ್ರೇಲರ್. ಮುಂದೆ ಎಳೆಯುವ ಗಾಡಿಗೆ ಹತ್ತು ಚಕ್ರ, ಹಿಂದಿನ ಗಾಡಿಗೆ ಹನ್ನೆರಡು. ಕಂಪನಿಯ ಮುಖ್ಯ ಕಚೇರಿ ವಿದೇಶದಲ್ಲಿ, ಗಾಡಿಯ ನೋಂದಣಿ ದೇಶದ ಇನ್ನೊಂದು ತುದಿಯ ರಾಜ್ಯದಲ್ಲಿ, ಚಾಲಕ ಗದಗ ಕಡೆಯವ. ನಿಯಮ ಮಾತ್ರ ಸರಳ. ನೋಂದಣಿಯಾದ ರಾಜ್ಯ ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್, ಎಂದರೆ ವಾಹನ ಓಡಲು ಯೋಗ್ಯ ಎಂಬ ಪತ್ರ, ಎಲ್ಲ ಕಡೆಯೂ ನಡೆಯುತ್ತದೆ. ಅದನ್ನು ರದ್ದು ಮಾಡುವ ಅಧಿಕಾರ ನಮಗಿಲ್ಲ. ಎದುರಿಗೇ ಅಪಾಯ ಕಂಡರೆ ತಡೆದು ನಿಲ್ಲಿಸಬಹುದು, ಅಷ್ಟೆ. ಕಾಣಬೇಕಲ್ಲ!

ಹಿಂದೆಯೇ ಕಾರಿನಲ್ಲಿ ಬಂದಿದ್ದ ಕಂಪನಿಯ ಮ್ಯಾನೇಜರ್ ಸಾಜನ್ ಇಳಿದು ಫೈಲು ಚಾಚಿದ. ಪ್ರತಿ ಹಾಳೆಗೂ ಪ್ಲಾಸ್ಟಿಕ್ ಕವರ್. ಗಾಡಿಯನ್ನು ಅದರ ಅರ್ಧದಷ್ಟು ಜೋಪಾನ ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಾನು ಹಾಳೆ ತಿರುವುತ್ತಿದ್ದಾಗ ಚಾಲಕ ಬಸಣ್ಣ ಲೈಸೆನ್ಸ್ ಕೊಡುವ ನೆಪದಲ್ಲಿ ಬಾಗಿದ. ಐವತ್ತು ದಾಟಿದ ಮನುಷ್ಯ.

“ಸಾಹೇಬ್ರ, ಗಾಡಿ ನಿಲ್ಲಿಸ್ರಿ. ಹಿಂದ ಬ್ರೇಕ್ ಸತ್ತಾವ. ಇಪ್ಪತ್ತಾರು ಟನ್ ಹೇರ್ಯಾರ. ಸಿಗ್ನಲ್‌ನ್ಯಾಗ ಯಾವನರ ಬೈಕಿನಾಂವ ಅಡ್ಡ ಬಂದ್ರ ಮುಗೀತು. ನಾ ಹೇಳಿದ್ದು ಗೊತ್ತಾದ್ರ ಕೆಲಸಾ ಹೋಗ್ತೈತಿ, ಬಂದರಿನ್ಯಾಗ ಬ್ಯಾರೆ ಯಾರೂ ನನ್ನ ತಗೊಳ್ಳಂಗಿಲ್ಲ.”

ಎರಡು ಹೆಜ್ಜೆ ಆಚೆ ನಿಂತಿದ್ದ ಸಾಜನ್‌ಗೆ ಕನ್ನಡ ಬಾರದು. ಆದರೆ ಪಿಸುಗುಟ್ಟಿದ್ದು ಕಂಡಿತ್ತು. “ಏನು ಸಾರೇ, ಅವನು ಏನಂತಾನೆ?” ಎಂದು ಮಲಯಾಳದಲ್ಲಿ ಕೇಳುತ್ತ ಹತ್ತಿರ ಬಂದ.

ನನ್ನ ಸ್ವಂತ ಸಿಟ್ಟು ಬಹಳ ಬಡಕಲು. ಹಾಗಾಗಿ ಶಾಲೆಯಲ್ಲಿ ನಮ್ಮನ್ನು ಮೈದಾನವಿಡೀ ಓಡಿಸುತ್ತಿದ್ದ ಪಿ.ಟಿ. ಮಾಸ್ಟರರ ಧ್ವನಿಯನ್ನು ಸಾಲ ತಂದು ಗುಡುಗಿದೆ.

“ನಿಂಗೆ ತಲೆ ಸರಿ ಉಂಟಾ ಮಾರಾಯ? ಯಾವ ಗಾಲಿ? ಹೇಳು!”

ಬಸಣ್ಣ ಬೆಚ್ಚಿದ. ಮರುಕ್ಷಣವೇ ಅರ್ಥವಾಗಿ ಕೈಮುಗಿದ. “ಕಡೀ ಎರಡು ಸಾಲು ರೀ, ಎಂಟೂ ಗಾಲಿ! ತಪ್ಪಾತ್ರಿ!”

“ಎಂತ ಮಾಡಿದ್ದಾರೆ ಅಲ್ಲಿ? ಬೊಗಳು!”

“ಗಾಳಿ ಕೊಳವಿ ಮಡಚಿ ತಂತಿ ಸುತ್ಯಾರ್ರೀ!”

“ಸ್ವಲ್ಪ ಅಳು, ಅವ ನೋಡ್ತಿದ್ದಾನೆ!”

“ಅಳು ಬರವಲ್ದ್ರೀ ಸಾಹೇಬ್ರ!”

ಸಾಜನ್ ತೃಪ್ತಿಯಿಂದ ತಲೆಯಾಡಿಸಿದ. ಚಾಲಕರನ್ನು ಹೀಗೇ ಇಡಬೇಕು ಎಂಬಂತೆ. ನಾನು ನೇರ ಹಿಂದಕ್ಕೆ ಹೋಗಿ ಗಾಡಿಯಡಿ ತೂರಿದೆ. ಟ್ರೇಲರಿನ ಬ್ರೇಕ್ ನಡೆಯುವುದು ಒತ್ತಿಟ್ಟ ಗಾಳಿಯಿಂದ. ಒಳಗಿನ ರಬ್ಬರ್ ಹರಿದರೆ ಗಾಳಿ ಸೋರುತ್ತದೆ. ಅದನ್ನು ಬದಲಿಸುವ ಬದಲು ಪೈಪು ಮಡಚಿ ಬಿಗಿದರೆ ಸೋರುವುದು ನಿಲ್ಲುತ್ತದೆ, ಜೊತೆಗೆ ಬ್ರೇಕೂ ನಿಲ್ಲುತ್ತದೆ. ನಾಲ್ಕು ಪೈಪುಗಳಿಗೂ ನೀಟಾಗಿ ತಂತಿ ಸುತ್ತಿದ್ದರು. ಫೋಟೋ ತೆಗೆದೆ, ಗಾಡಿ ನಿಲ್ಲಿಸಿದೆ. ರಿಪೇರಿಯಾಗಿ ಅದು ಹೊರಟದ್ದು ಮೂರನೆಯ ದಿನ.

ಮುಗಿಯಿತು ಅಂದುಕೊಂಡೆ. ಮೂರು ವಾರಕ್ಕೆ ತಿರುವನಂತಪುರದ ಮುಖ್ಯ ಕಚೇರಿಯಿಂದ ವಿಚಾರಣೆಗೆ ಕರೆ ಬಂತು. ಕಂಪನಿಯ ದೂರು ಎರಡು. ಸರ್ಟಿಫಿಕೇಟ್ ಇದ್ದರೂ ಗಾಡಿ ತಡೆದದ್ದು ಒಂದು, ಚಾಲಕನನ್ನು ಹೀನಾಯವಾಗಿ ಬೈದದ್ದು ಇನ್ನೊಂದು. ಬೆಳಗಿನ ರೈಲಿನಲ್ಲಿ ಅಲ್ಲಿಗೆ ಹೋಗುತ್ತ, ತೂಕಡಿಸುತ್ತ, ಆ ಫೋಟೋಗಳನ್ನೇ ಹಿಂದೆ ಮುಂದೆ ಸರಿಸುತ್ತ ಕುಳಿತೆ.

ಕೋಣೆಯಲ್ಲಿ ಸಾಜನ್ ಇದ್ದ. ಸಾಕ್ಷಿಯಾಗಿ ಬಸಣ್ಣನನ್ನೂ ಕರೆತಂದಿದ್ದ. ಮೇಜಿನಾಚೆ ಅದೇ ಮೇಡಂ.

“ಇಪ್ಪತ್ತೆರಡು ಚಕ್ರ ಇರುವ ಗಾಡಿ. ನೀವು ನೆಟ್ಟಗೆ ಹಿಂದಕ್ಕೆ ಹೋದಿರಂತೆ. ಯಾರಾದರೂ ಹೇಳಿದ್ದರೋ?”

ಸಾಜನ್ ಬಸಣ್ಣನತ್ತ ತಿರುಗಿದ. ಬಸಣ್ಣ ನೆಲ ನೋಡಿದ.

ನಾನು ಫೋಟೋ ಮುಂದಿಟ್ಟೆ. “ಮಿಕ್ಕ ಚಕ್ರಗಳ ಮೇಲೆ ಬ್ರೇಕ್ ಸವೆದ ಕಪ್ಪು ಪುಡಿ ಇದೆ ಮೇಡಂ. ಈ ಎಂಟರ ಮೇಲೆ ಇಲ್ಲ. ಬ್ರೇಕೇ ಹಿಡಿಯದ ಚಕ್ರಕ್ಕೆ ಪುಡಿ ಎಲ್ಲಿಂದ ಬರಬೇಕು?”

ಮಾತು ನಿಜವೇ. ಆದರೆ ಅದು ನನ್ನ ಕಣ್ಣಿಗೆ ಬಿದ್ದದ್ದು ಆ ದಿನ ರಸ್ತೆಯಲ್ಲಲ್ಲ, ಆ ಬೆಳಿಗ್ಗೆ ರೈಲಿನಲ್ಲಿ. ಅದನ್ನು ಯಾರೂ ಕೇಳಲಿಲ್ಲ. ಮೊದಲ ದೂರು ಬಿದ್ದುಹೋಯಿತು.

“ಬೈದದ್ದು?” ಎಂದು ಮೇಡಂ ಬಸಣ್ಣನನ್ನು ಹಿಂದಿಯಲ್ಲಿ ಕೇಳಿದರು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಇಲ್ಲ ಎಂದುಬಿಡುತ್ತಾನೆ ಅನ್ನಿಸಿತು. ಹಾಗೆಂದರೆ ಆಟ ಬಯಲು, ಅವನ ಕೆಲಸ ಹೋಯಿತು. ನಾನು ಪಿ.ಟಿ. ಮಾಸ್ಟರರ ಮುಖ ಹಾಕಿಕೊಂಡೆ.

“ಹೌದ್ರಿ,” ಎಂದ ಕನ್ನಡದಲ್ಲೇ. “ಭಾಳ ಬೈದ್ರು.”

“ನಿಜ ಮೇಡಂ. ತಪ್ಪಾಯಿತು,” ಎಂದೆ.

ಮೇಡಂ ಕನ್ನಡಕ ತೆಗೆದರು. “ಓಣಂಗೆ ನನ್ನ ಧ್ವನಿ ಮಾಡಿದವನು ನೀನೇ ಅಲ್ಲವೇ?”

“ಹೌದು ಮೇಡಂ.”

“ಅವತ್ತು ಬೈದದ್ದು ಯಾರ ಧ್ವನಿಯಲ್ಲಿ?”

ಸಾಜನ್ ಪಕ್ಕದಲ್ಲೇ ಕುಳಿತಿದ್ದ. ನಾನು ಫೋಟೋಗಳನ್ನು ಒಟ್ಟುಮಾಡತೊಡಗಿದೆ. ಅವರು ಉತ್ತರಕ್ಕೆ ಕಾಯದೆ ಬರೆದರು. ಚಾಲಕನೊಡನೆ ಒರಟು ವರ್ತನೆ, ವಾಗ್ದಂಡನೆ.

ಹೊರಗೆ ಚಹಾ ಅಂಗಡಿಯಲ್ಲಿ ಬಸಣ್ಣ ಒಂದು ಕ್ಷಣ ಪಕ್ಕಕ್ಕೆ ಬಂದ. “ನಿಮ್ಮ ನೌಕರಿಗೆ ಕಪ್ಪು ಚುಕ್ಕಿ ಹಚ್ಚಿದ್ನೆಲ್ರಿ ಸಾಹೇಬ್ರ.”

“ಅದು ಬಿಡು. ನೀನು ಮೊದಲು ಅಳುವುದು ಕಲಿ ಮಾರಾಯ. ಅವತ್ತು ಭಾರೀ ಕಳಪೆ.”

ನಕ್ಕ. ಸಾಜನ್ ಕರೆದ ಕೂಡಲೇ ನಗು ಒರೆಸಿಕೊಂಡು ಹೋದ.

ಮುಂದಿನ ತಿಂಗಳು ಮುಖ್ಯ ಕಚೇರಿಯಿಂದ ಆದೇಶ ಬಂತು. ತಪಾಸಣೆಯ ವೇಳೆ ಕಂಪನಿಯವರು ದೂರ ನಿಲ್ಲಬೇಕು, ಕಾಗದ ನೋಡುವ ಮೊದಲು ಚಾಲಕನೊಡನೆ ಒಂಟಿಯಾಗಿ ಮಾತಾಡಬೇಕು. ಕಾರಣ ಬರೆದಿರಲಿಲ್ಲ. ಮೇಡಂ ಧ್ವನಿಯಲ್ಲಿ ಓದು ಎಂದು ಸಹೋದ್ಯೋಗಿಗಳು ಪೀಡಿಸಿದರು. ನನ್ನ ಧ್ವನಿಯಲ್ಲೇ ಓದಿದೆ.

ಗಾಡಿ ಪರೀಕ್ಷೆಯ ದಿನ ಹೇಗಿತ್ತು ಎಂಬುದನ್ನು ಸರ್ಟಿಫಿಕೇಟ್ ಹೇಳುತ್ತದೆ. ಇವತ್ತು ಹೇಗಿದೆ ಎಂಬುದು ಸೀಟಿನಲ್ಲಿ ಕೂತವನಿಗೆ ಮಾತ್ರ ಗೊತ್ತು. ಕೆಲಸ ಕಳೆದುಕೊಳ್ಳದೆ ಅವನು ಉತ್ತರಿಸಬಲ್ಲ ಹಾಗೆ ಕೇಳುವುದೇ ತಪಾಸಣೆ. ಇಷ್ಟನ್ನು ಕಲಿಯಲು ನನಗೆ ಒಂದು ವಾಗ್ದಂಡನೆ ತಗುಲಿತು.

ಬಸಣ್ಣ ಈಗಲೂ ತಿಂಗಳಿಗೆರಡು ಬಾರಿ ಎಡಪ್ಪಳ್ಳಿ ದಾಟುತ್ತಾನೆ. ನನ್ನನ್ನು ಕಂಡರೆ ಹಾರ್ನ್ ಒಮ್ಮೆ ಮೆಲ್ಲಗೆ ಒತ್ತುತ್ತಾನೆ. ಹಿಂದೆ ಸಾಜನ್‌ನ ಕಾರು ಇದ್ದರೂ ಇರಬಹುದು. ನಾನು ಕೈಯೆತ್ತುವುದಿಲ್ಲ, ಮುಖ ಗಂಟಿಕ್ಕಿಕೊಂಡು ನಿಲ್ಲುತ್ತೇನೆ.