ಎತ್ತಿನ ಪಾಲಿನ ಹುರುಳಿ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ಎರಡೆಳೆ ರಂಗೋಲಿ ಎಳೆದು, ಹಾಲಿಗೆ ನೀರು ಬೆರೆಸುವ ವಿಷಯದಲ್ಲಿ ಹಾಲಿನವನ ಜೊತೆ ಎಂದಿನ ಮಾತಾಡಿ ಒಳಗೆ ಬಂದೆ. ನಮ್ಮ ಯಜಮಾನರು ಹೊಳೆಯ ಕಡೆ ವಾಕಿಂಗ್ ಹೋಗಿದ್ದರು. ಹೊನ್ನಾಳಿಯಲ್ಲಿ ಆ ಕಡೆ ಗಾಳಿ ಚೆನ್ನಾಗಿದೆ ಅನ್ನುತ್ತಾರೆ. ಗಾಳಿಗಿಂತ ಟೀ ಅಂಗಡಿಯ ಮಾತು ಚೆನ್ನಾಗಿದೆ ಅಂತ ನನ್ನ ಗುಮಾನಿ. ಕುಕ್ಕರಿನಲ್ಲಿ ಹುರುಳಿ ಬೆಂದಿತ್ತು. ಕಟ್ಟು ಬಸಿಯಲೆಂದು ತಟ್ಟೆ ಅಡ್ಡ ಹಿಡಿದು ಬಗ್ಗಿಸಿದೆ ನೋಡಿ, ಹಬೆ ಮುಖಕ್ಕೆ ಬಂತು. ಅರ್ಧ ಅಡುಗೆಮನೆಯದು, ಅರ್ಧ ದನದ ಕೊಟ್ಟಿಗೆಯದು ಅನ್ನಬಹುದಾದ ವಾಸನೆ. ನಿಮ್ಮ ಮನೆಯಲ್ಲೂ ಹುರುಳಿ ಬೇಯಿಸುತ್ತಿದ್ದರೆ ನಾನು ಹೇಳುವುದು ಗೊತ್ತಾಗುತ್ತದೆ.

ಅಷ್ಟರಲ್ಲಿ ಫೋನು ಬಂತು. ನನ್ನ ನಾದಿನಿ ಮಂಗಳಾ. ಗಂಡನ ಒಬ್ಬಳೇ ತಂಗಿ.

"ಅತ್ತಿಗೆ, ಡಾಕ್ಟ್ರು ಏನಂದ್ರು?"

"ಮೂಳೆ ಚೆನ್ನಾಗೇ ಇದೆಯಂತೆ. ತೊಡೆಯಲ್ಲಿ ಮಾಂಸಖಂಡ ಸವೆದಿದೆಯಂತೆ, ಅದಕ್ಕೇ ನೆಲದಿಂದ ಏಳುವಾಗ ಕಂಬ ಹಿಡೀಬೇಕಾಗುತ್ತೆ ಅಂದರು. ಕಾಳು, ಬೇಳೆ, ಮೊಸರು ತಿನ್ನಿ ಅಂತ ಬರೆದುಕೊಟ್ಟಿದಾರೆ."

"ನೀವು ಎಷ್ಟೊತ್ತಿಗೆ ಉಣ್ತೀರಿ?"

"ಎಲ್ಲಾ ಆದಮೇಲೆ."

"ಎಲ್ಲಾ ಅಂದ್ರೆ ಎಷ್ಟೊತ್ತಿಗೆ?"

ಹಾಲು ಉಕ್ಕುತ್ತಿದೆ ಅಂತ ಸುಳ್ಳು ಹೇಳಿ ಫೋನು ಇಟ್ಟುಬಿಟ್ಟೆ.

ಈ ಪ್ರಶ್ನೆ ಕೇಳುವ ಹಕ್ಕು ಅವಳಿಗೆ ಹೇಗೆ ಬಂತು ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಚನ್ನಗಿರಿಯವಳು. ಅಪ್ಪ ನನ್ನನ್ನು ಶಿವಮೊಗ್ಗದ ಕಾನ್ವೆಂಟಿನ ಹಾಸ್ಟೆಲಿಗೆ ಹಾಕಿದ್ದರು. ಅಲ್ಲಿ ಕರವಸ್ತ್ರಕ್ಕೆ ಹೂ ಹಾಕುವುದು, ಸದ್ದಾಗದಂತೆ ಕುರ್ಚಿ ಸರಿಸುವುದು, ಇನ್ನೂ ಬೇಕಿದ್ದರೂ "ಸಾಕು, ಥ್ಯಾಂಕ್ಸ್" ಅನ್ನುವುದು ಎಲ್ಲ ಕಲಿತೆ. ಜೋಳದ ರೊಟ್ಟಿ ತಟ್ಟುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಜಗಳೂರು ತಾಲ್ಲೂಕಿನ ಬಿಳಿಚೋಡಿನ ಹತ್ತಿರದ ಹಳ್ಳಿಗೆ ಬಂದೆ. ನನ್ನ ಮೊದಲ ರೊಟ್ಟಿಯನ್ನು ನೋಡಿ ಅತ್ತೆ, "ಇದೇನವ್ವ, ಯಾವ ದೇಶದ ನಕ್ಷೆ?" ಅಂದಿದ್ದರು.

ಮಳೆ ನಂಬಿದ ಹೊಲ. ಜೋಳ, ಹುರುಳಿ, ಶೇಂಗಾ. ಮಾವನವರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಎತ್ತುಗಳ ಮೇಲೆ ಇದ್ದದ್ದು ಕಣ್ಣಿಗೆ ಕಾಣುತ್ತಿತ್ತು. ಹೊಲದಿಂದ ಬಂದ ಜೋಡಿಯನ್ನು ಬೆವರು ಆರುವವರೆಗೆ ನಿಲ್ಲಿಸಿ, ಮೈ ತಿಕ್ಕಿ, ನೀರು ಕುಡಿಸಿ, ಆಮೇಲೆ ಬೇಯಿಸಿದ ಹುರುಳಿ ಹಾಕುತ್ತಿದ್ದರು. ಒಂದು ಸಂಜೆ ತಡವಾದರೂ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಆ ಹುರುಳಿ ಬೆಂದ ನೀರು, ಅಂದರೆ ಕಟ್ಟು, ಅಡುಗೆಮನೆಗೆ ಬರುತ್ತಿತ್ತು. ಅದಕ್ಕೆ ಬೆಳ್ಳುಳ್ಳಿ, ಹುಣಸೆಹಣ್ಣು, ಖಾರ ಹಾಕಿ ಸಾರು. ಕಾಳು ಎತ್ತಿಗೆ, ಕಟ್ಟು ನಮಗೆ. ಹಾಗೇಕೆ ಅಂತ ಒಮ್ಮೆ ಕೇಳಿದ್ದೆ. ಅತ್ತೆ ನನ್ನ ಅಜ್ಞಾನಕ್ಕೆ ಮರುಗಿದರು. "ಸತ್ವ ಎಲ್ಲಾ ನೀರಿಗೆ ಇಳಿದಿರ್ತೈತೆ ಕಣವ್ವ. ಕಾಳಿನಾಗೆ ಏನೈತೆ, ಬರೀ ಸಿಪ್ಪೆ."

ಸಾರಿನ ರುಚಿ ಹಾಗಿತ್ತು, ನಾನು ನಂಬಿದೆ.

ಮಂಗಳಾ ಆಗ ಜಗಳೂರಿನ ಜೂನಿಯರ್ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಕಡ್ಡಿಯಂಥ ಹುಡುಗಿ. ಆದರೆ ಗುಂಡು ಎಸೆಯುವುದರಲ್ಲಿ ಏನೋ ಒಂದು ಗತ್ತು. ಕಾಲೇಜಿನ ಪಿ.ಟಿ. ಮೇಷ್ಟ್ರು ಮನೆಗೇ ಬಂದು ಜಗುಲಿಯ ಮೇಲೆ ಕುಳಿತು ಹೇಳಿದರು: "ಹುಡುಗಿಗೆ ಪಿ.ಟಿ. ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಿಸ್ರಿ. ಶಿವಮೊಗ್ಗದಾಗೆ ಆಯ್ಕೆ ಮಾಡ್ತಾರೆ. ವರಸೆ ಚಲೋ ಐತೆ, ತೋಳಿನಾಗೆ ತಾಕತ್ತಿಲ್ಲ. ಒಂದೀಟು ಮಾಂಸಖಂಡ ಬರಬೇಕು. ಮೊಟ್ಟೆ ಗಿಟ್ಟೆ..."

ಅತ್ತೆ ಒಳಗಿನಿಂದಲೇ ಕೆಮ್ಮಿದರು. ಲಿಂಗ ಕಟ್ಟಿದ ಮನೆಯಲ್ಲಿ ಆ ಮಾತು ಅಲ್ಲಿಗೇ ನಿಂತಿತು. ಮಾವನವರು ಬಹಳ ಹೊತ್ತು ಎಲೆ ಅಡಿಕೆ ಅಗಿದು, "ಒಂದ್ಸಲ ಹೋಗಿ ಬರ್ಲಿ. ಆದ್ರೆ ಆತು. ಇಲ್ಲಾಂದ್ರೆ ಓದು ಸಾಕು, ಮನೆಯಾಗಿರ್ಲಿ" ಅಂದರು. ಮನೆಯಾಗಿರ್ಲಿ ಅನ್ನುವುದರ ಅರ್ಥ ಅವಳಿಗೂ ಗೊತ್ತಿತ್ತು, ನನಗೂ. ಒಂದೇ ಸಲ. ಎಸೆದ ಗುಂಡು ಎಲ್ಲಿ ಬೀಳುತ್ತದೋ ಅಲ್ಲಿಂದ ಅವಳ ಮುಂದಿನ ದಾರಿ.

ಆವತ್ತಿನಿಂದ ಬೆಳಕು ಹರಿಯುವ ಮುಂಚೆ ಕಣಕ್ಕೆ ಹೋಗಿ ಎಸೆಯತೊಡಗಿದಳು. ಕಬ್ಬಿಣದ ಗುಂಡು ಕಾಲೇಜಿನಲ್ಲಿತ್ತು. ಇಲ್ಲಿ ಹಿತ್ತಿಲಲ್ಲಿ ಬಿದ್ದಿದ್ದ ಹಳೇ ರುಬ್ಬುಗುಂಡೇ ಗತಿ. ಅದು ಬಿದ್ದಾಗಲೆಲ್ಲ ಊರ ನಾಯಿಗಳು ಬೊಗಳುತ್ತಿದ್ದವು. ಬಂದ ಮೇಲೆ ನೀರು ಸೇದಬೇಕು, ಕಸ ಗುಡಿಸಬೇಕು, ಸ್ನಾನ, ಲಿಂಗಪೂಜೆ. ಪೂಜೆಯಾಗದೆ ಬಾಯಿಗೆ ಏನೂ ಇಡುವಂತಿಲ್ಲ. ಪೂಜೆ ಮುಗಿಯುವ ಹೊತ್ತಿಗೆ ಗಂಡಸರ ಊಟದ ಸಾಲು. ಅದು ಮುಗಿಯುವುದರೊಳಗೆ ಬಸ್ಸು. ಹೀಗೆ ಇಡೀ ಹಗಲು ಒಂದು ಲೋಟ ಚಹಾದ ಮೇಲೆ. ರಾತ್ರಿ ಎಲ್ಲರೂ ಉಂಡಾದ ಮೇಲೆ ನಾವು ಮೂವರು ಹೆಂಗಸರು ಕುಳಿತರೆ ಪಲ್ಯದ ಬೋಗುಣಿಯಲ್ಲಿ ಒಗ್ಗರಣೆಯ ಸಾಸಿವೆ ಉಳಿದಿರುತ್ತಿತ್ತು. ಸಾರು ಮಾತ್ರ ಬೇಕಾದಷ್ಟು. ಸತ್ವ ಎಲ್ಲಾ ಅದರಲ್ಲೇ ಇದೆಯಲ್ಲ, ಅತ್ತೆ ಮಗಳಿಗೆ ಲೋಟದ ಮೇಲೆ ಲೋಟ ಬಗ್ಗಿಸುತ್ತಿದ್ದರು.

ಅವಳ ಜಂಪರು ಹೊಲಿಯುತ್ತಿದ್ದವಳು ನಾನು. ದಸರೆಗೆ ಹೊಲಿದದ್ದು ಸಂಕ್ರಾಂತಿ ಹೊತ್ತಿಗೆ ತೋಳಿನಲ್ಲಿ ಸಡಿಲವಾಗಿತ್ತು. ಬಿಗಿಯಾಗಬೇಕಾದ ಕಡೆ ಸಡಿಲ. "ಒಳಗೆ ಹಿಡೀಲಾ?" ಅಂದೆ. ಅವಳು ತೋಳು ಮುಚ್ಚಿಕೊಂಡು, "ಇರ್ಲಿ ಬಿಡ್ರಿ ಅತ್ತಿಗೆ" ಅಂದಳು. ಗುಂಡು ಮೊದಲು ಬೀಳುತ್ತಿದ್ದ ಜಾಗಕ್ಕೇ ಬೀಳುತ್ತಿತ್ತು. ಕೆಲವು ದಿನ ಅದಕ್ಕಿಂತ ಈಚೆ.

ಒಂದು ಸಂಜೆ ಎತ್ತಿನ ಹುರುಳಿ ಕೊಟ್ಟು ಬರಲು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಲು ಹೋದೆ. ಕೊಟ್ಟಿಗೆಯಲ್ಲಿ ಗೋದಲಿಯ ಹತ್ತಿರ ಆ ಕಡೆ ಮುಖ ಮಾಡಿ ನಿಂತು ಪಾತ್ರೆಯಿಂದ ಹಿಡಿ ಹಿಡಿ ಕಾಳು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಎತ್ತು ಕತ್ತು ಚಾಚಿ ತನ್ನ ಪಾಲಿಗಾಗಿ ಕಾಯುತ್ತಿತ್ತು, ಪಾಪ, ಕಾನ್ವೆಂಟಿನಲ್ಲಿ ಓದಿದ ಹಾಗೆ. ನನ್ನನ್ನು ಕಂಡು ಅವಳ ಮುಖ ಬಿಳುಚಿತು.

"ಅವ್ವಗೆ ಹೇಳಬ್ಯಾಡ್ರಿ. ತಡಿಯಾಕೆ ಆಗಲಿಲ್ಲ."

ನಾನು ಅವಳನ್ನು ನೋಡಲಿಲ್ಲ, ಎತ್ತಿನ ಹೆಗಲು ನೋಡುತ್ತಿದ್ದೆ. ನೊಗ ಹೊತ್ತ ಆ ದಿಂಡು ದಿಂಡು ಮಾಂಸ. ಈ ಎತ್ತು ಹುಟ್ಟಿದಾಗಿನಿಂದ ಒಂದು ಗುಟುಕು ಕಟ್ಟು ಕುಡಿದಿಲ್ಲ. ಆಗ ನೆನಪಾಯಿತು, ಹಾಸ್ಟೆಲಿನ ಗೋಡೆಗೆ ನಾನೇ ಬರೆದ ಚಿತ್ರ: ದೇಹ ಕಟ್ಟುವ ಆಹಾರ. ಮೊಟ್ಟೆ, ಮೀನು, ಹಾಲು, ಕಾಳು. ಮೀನಿಗೆ ನೀಲಿ ಬಣ್ಣ ಹಚ್ಚಿ ಕಣ್ಣಿಗೆ ರೆಪ್ಪೆಗೂದಲು ಬೇರೆ ಇಟ್ಟು ಬಹುಮಾನ ತೆಗೆದುಕೊಂಡಿದ್ದೆ. ಮೂಲೆಯಲ್ಲಿ ಕಂದು ಚುಕ್ಕಿಗಳ ಒಂದು ಗುಡ್ಡೆ ಹಾಕಿದ್ದೆನಲ್ಲ, ಅದೇ ಕಾಳು. ಅದನ್ನು ಯಾರು ನೋಡಿದರು?

ರಾತ್ರಿ ಮಾವನವರು ಉಣ್ಣುವಾಗ ಬಾಗಿಲ ಮರೆಯಿಂದ ಕೇಳಿದೆ. ಧ್ವನಿ ನನ್ನದೇ ಅನ್ನಿಸಲಿಲ್ಲ. "ಎತ್ತು ಕಟ್ಟು ಕುಡಿಯಲ್ಲ, ಕಾಳು ತಿನ್ನುತ್ತೆ. ಹೆಗಲು ಬಂದಿರೋದು ಅದಕ್ಕೆ. ಮಂಗಳಾ ಕಟ್ಟು ಕುಡೀತಾಳೆ."

"ನನ್ನ ಮಗಳಿಗೆ ದನದ ತಿಂಡಿ ತಿನ್ನಿಸು ಅಂತೀಯೇನು?" ಅತ್ತೆ ಸೌಟು ಕೆಳಗಿಟ್ಟರು.

ಮಾವನವರು ಕೈಯಲ್ಲಿದ್ದ ತುತ್ತನ್ನು ನೋಡಿದರು, ಮಗಳ ತೋಳನ್ನು ನೋಡಿದರು. ಒಬ್ಬ ರೈತ ಸಂತೆಯಲ್ಲಿ ಕರುವನ್ನು ನೋಡುವ ಹಾಗೆ. ಆಮೇಲೆ ಹೆಂಡತಿಗೆ, "ನಾಳಿಂದ ಒಂದು ಪಾವು ಜಾಸ್ತಿ ಹಾಕು. ಎತ್ತಿಗೂ ಇರ್ಲಿ" ಅಂದರು.

ನನಗೆ ಗೆದ್ದ ಉಬ್ಬು. ಮಾರನೇ ರಾತ್ರಿ ಅವಳ ತಟ್ಟೆಗೆ ಕಾಳಿನ ಗೋಪುರವನ್ನೇ ಕಟ್ಟಿದೆ. ಒಂದೇ ಸಲ ತಿಂದು ಮುಗಿಸಿದಳು. ಆಮೇಲೆ ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದಳು, ಮೈ ಮೇಲೆ ಉಷ್ಣದ ಗುಳ್ಳೆ ಎದ್ದವು. ಅತ್ತೆ ಮಜ್ಜಿಗೆ ಕುಡಿಸುತ್ತಾ ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ. ಮಾವನವರು ಮಾತ್ರ ನಕ್ಕರು. "ಏನು ತಾಯಿ, ಎರಡು ದಿನದ ಮೇವು ಒಂದೇ ಹೊತ್ತಿಗೆ ಹಾಕಿದ್ರೆ ಎತ್ತಿನ ಹೊಟ್ಟೇನೂ ಉಬ್ಬರಿಸ್ತೈತೆ. ಒಂದೀಟೊಂದೀಟು ಹಾಕ್ಬೇಕು. ದುಡಿದು ಬಂದಾಗ ಹಾಕ್ಬೇಕು." ಹೇಳಿ ಅಲ್ಲೇ ನಿಂತರು. ದುಡಿದು ಬಂದಾಗ ಅನ್ನುವ ಮಾತು ಅವರ ಕಿವಿಗೇ ಬಿದ್ದ ಹಾಗಿತ್ತು. ಕಣದಿಂದ ಬೆವರಿಳಿಸಿಕೊಂಡು ಬರುವ ಮಗಳಿಗೆ ಯಾರೂ ಏನೂ ಹಾಕುತ್ತಿರಲಿಲ್ಲವಲ್ಲ.

ಆದರೆ ಪೂಜೆ? ಪೂಜೆಗೆ ಮುಂಚೆ ಏನಾದರೂ ಕೊಡೋಣ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಕೆಲವು ದಿನದ ನಂತರ ಮುಂಜಾನೆ ಎದ್ದರೆ ಬಚ್ಚಲ ಒಲೆ ಆಗಲೇ ಉರಿಯುತ್ತಿತ್ತು. ಅತ್ತೆ ಹಂಡೆಯ ಮುಂದೆ ಕುಳಿತು ಸೆತ್ತೆ ತುರುಕುತ್ತಿದ್ದರು. ನೀರು ಸೇದಿ ಇಟ್ಟಿತ್ತು, ವಿಭೂತಿ, ಪತ್ರೆ ಎಲ್ಲ ಹೊಂದಿಸಿತ್ತು. ಮಂಗಳಾ ಕಣದಿಂದ ಬಂದವಳೇ ಸ್ನಾನ ಮಾಡಿ ಪೂಜೆಗೆ ಕುಳಿತಳು. ಸೂರ್ಯ ಏಳುವ ಹೊತ್ತಿಗೆ ಅವಳ ಮುಂದೆ ಬಿಸಿ ರೊಟ್ಟಿ, ಕಾಳುಪಲ್ಯ, ಗಟ್ಟಿ ಮೊಸರು, ಶೇಂಗಾ ಚಟ್ನಿ. ಆ ಮನೆಯಲ್ಲಿ ಗಂಡಸರಿಗಿಂತ ಮುಂಚೆ ಒಬ್ಬ ಹೆಣ್ಣುಮಗಳು ಉಂಡಿದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅತ್ತೆ ತಲೆ ಎತ್ತದೆ, "ಏನು ನೋಡ್ತೀಯ? ಶಿವನ್ನ ಒಂದೀಟು ಬೇಗ ಎಬ್ಬಿಸಿದೆ. ಅವನೇನು ಬೈಯಲ್ಲ" ಅಂದರು.

ಆಮೇಲೆ ಬಸ್ಸಿಗೆ ಡಬ್ಬಿ, ಸಂಜೆ ಬಂದಾಗ ಹುರಿದ ಶೇಂಗಾ ಬೆಲ್ಲ, ರಾತ್ರಿ ಅವಳ ಪಾಲು ಮೊದಲೇ ತೆಗೆದಿಡುವುದು. ಒಂದೀಟೊಂದೀಟು. ಯುಗಾದಿಗೆ ಅದೇ ಜಂಪರು ಹಾಕಿಕೊಂಡು ಬಂದು, "ಅತ್ತಿಗೆ, ಕೈ ಎತ್ತಾಕೆ ಬರವಲ್ದು" ಅಂದಳು. ಕತ್ತರಿ ತಂದು ತೋಳು ಸಡಿಲಿಸಲು ಕುಳಿತೆ. ಅಳುತ್ತಾ ಹೊಲಿಗೆ ಬಿಚ್ಚಿದ್ದು ಅದೊಂದೇ ಸಲ.

ಆಯ್ಕೆಗೆ ಮಾವನವರ ಜೊತೆ ನಾನೂ ಹೋದೆ. ದಾವಣಗೆರೆ ದಾಟಿ, ಈಗ ನಾವಿರುವ ಈ ಹೊನ್ನಾಳಿ ದಾಟಿ, ನ್ಯಾಮತಿಯಲ್ಲಿ ಬಸ್ಸು ನಿಂತಿತು. ಮಾವನವರು ಬುತ್ತಿ ಬಿಚ್ಚಿ ಮಗಳ ಮಡಿಲಲ್ಲಿಟ್ಟರು. "ನೀವು ಉಣ್ಣಲ್ವೇನಪ್ಪ?" ಅಂದಳು. "ನಾನೇನು ಗುಂಡು ಎಸೀತೀನಾ, ನೀನು ಉಣ್ಣು" ಅಂದು, ಅವಳು ಉಂಡು ಮುಗಿಸುವವರೆಗೆ ನೀರಿನ ಚೊಂಬು ಹಿಡಿದು ಕುಳಿತಿದ್ದರು. ಪಕ್ಕದ ಸೀಟಿನ ಗಂಡಸರು ನೋಡಿದರು. ನೋಡಿಕೊಳ್ಳಲಿ ಅನ್ನುವ ಹಾಗೆ ಮೀಸೆ ಸವರಿಕೊಂಡರು.

ಮೈದಾನದಲ್ಲಿ ಮೊದಲ ಎಸೆತ ಗೆರೆ ತುಳಿದು ಹಾಳಾಯಿತು. ಎರಡನೆಯದು ಹೋಗಿ ಬಿದ್ದ ಜಾಗಕ್ಕೆ ಟೇಪು ಹಿಡಿದವನು ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಯಬೇಕಾಯಿತು. ಆಯ್ಕೆಯಾದವರಲ್ಲಿ ಅವಳ ಹೆಸರು ಕೂಗಿದಾಗ ಮಾವನವರು ಟವೆಲಿನಿಂದ ಮಗಳ ಕತ್ತಿನ ಬೆವರು ಒರೆಸಿದರು. ಎತ್ತಿಗೆ ಒರೆಸುತ್ತಿದ್ದ ಹಾಗೇ. ಮುಂದೆ ಅವಳು ಸೂರಗೊಂಡನಕೊಪ್ಪದ ಕಡೆಯ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಹುಡುಗಿಯರಿಗೆ ಓಟ ಕಲಿಸಿದಳು. ಓಡಿಸುವ ಮುಂಚೆ ಅವಳು ಕೇಳುತ್ತಿದ್ದ ಮೊದಲ ಪ್ರಶ್ನೆ: ಎಷ್ಟೊತ್ತಿಗೆ ಉಂಡೆ?

ಅದನ್ನೇ ಇವತ್ತು ನನಗೂ ಕೇಳಿದಳು. ಅವಳು ಟ್ರೈನಿಂಗಿಗೆ ಹೋದ ಮೇಲೆ ಮನೆಯ ತಟ್ಟೆಗಳ ಸಾಲು ಮತ್ತೆ ಮೊದಲಿನ ಹಾಗೇ ಆಗಿತ್ತು. ಅವಳಿಗೊಬ್ಬಳಿಗೆ ಮಾಡಿದ ಏರ್ಪಾಡು ಅದು ಅಂತ ನಾವೆಲ್ಲ ತಿಳಿದಿದ್ದೆವು, ನಾನೂ. ಗುಂಡು ಎಸೆಯುವವರಿಗೆ ಮಾತ್ರ ತೋಳಿರುತ್ತದೆ ಎಂಬ ಹಾಗೆ. ಇಷ್ಟು ವರ್ಷ ನೀರಿನ ಕೊಡ, ಮಕ್ಕಳು, ಸಿಲಿಂಡರು, ಅಕ್ಕಿ ಚೀಲ ಎತ್ತಿದ್ದು ಯಾವುದರಿಂದಲೋ.

ಯಜಮಾನರು ವಾಕಿಂಗಿನಿಂದ ಬಂದಾಗ ಹೇಳಿದೆ: "ಇನ್ನು ಮೇಲೆ ನಾನು ದೀಪ ಹಚ್ಚೋ ಹೊತ್ತಿಗೇ ಊಟ ಮಾಡ್ತೀನಿ. ನಿಮ್ಮ ವಾರ್ತೆ ಮುಗಿಯೋವರೆಗೆ ಕಾಯಲ್ಲ." ಅವರು ಚಪ್ಪಲಿ ಬಿಡುತ್ತಾ, "ಹಂಗೇ ಮಾಡು. ನನಗೆ ಬಡಿಸೋರು ಯಾರು?" ಅಂದರು. ಆಮೇಲೆ ತಾವೇ ನಕ್ಕರು. ನಲವತ್ತು ವರ್ಷದಿಂದ ಇಷ್ಟು ಸುಲಭದ ಮಾತಿಗೆ ನಾನು ಯಾಕೆ ಹೆದರಿದ್ದೆನೋ.

ಸಂಜೆ ಮನೆ ಮುಂದಿನ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಕುಳಿತೆ. ಕಾಳುಪಲ್ಯ, ಒಂದು ಬಟ್ಟಲು ಮೊಸರು. ಮೊದಲ ತುತ್ತು ಗಂಟಲಲ್ಲಿ ಇಳಿಯಲು ಸ್ವಲ್ಪ ನಾಚಿತು. ಎರಡನೆಯದು ಸರಾಗವಾಗಿ ಹೋಯಿತು. ಒಳಗೆ ಯಜಮಾನರು ನನಗೆ ಉಪ್ಪಿನಕಾಯಿ ಹುಡುಕುತ್ತಾ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಹಾಕುವ ಸದ್ದು ಬೀದಿಗೆ ಕೇಳುತ್ತಿತ್ತು. ಪಕ್ಕದ ಮನೆಯ ಶಾಂತಮ್ಮ ಹೂವು ತಗೊಂಡು ಬರುತ್ತಿದ್ದವಳು ಗೇಟಿನ ಹತ್ತಿರ ಒಂದು ಗಳಿಗೆ ನಿಂತು ನನ್ನ ತಟ್ಟೆ ನೋಡಿದಳು.

"ಏನಕ್ಕಾರೆ, ಇಷ್ಟೊತ್ತಿಗೇ ಊಟಕ್ಕೆ ಕುಂತೀರಿ," ಅಂದಳು, "ಮನೆಯಾಗೆ ಯಾರೂ ಇಲ್ಲೇನು?"